ಉಪ್ಪಿನಕಾಯಿ ಭರಣಿಯಲ್ಲಿ ಪೈಪು

ಮಕ್ಕಳೇ, ಮದುವೆಯ ದಿನ ನಿಮ್ಮ ಅಜ್ಜ ನನ್ನ ಮುಖಕ್ಕಿಂತ ಮೊದಲು ನೋಡಿದ್ದು ಛತ್ರದ ನಲ್ಲಿ ಪೈಪನ್ನು! ನಾನು ಹಾರ ಹಿಡಿದು ತಲೆ ತಗ್ಗಿಸಿ ನಿಂತಿದ್ದರೆ ಅವರು ನನ್ನ ಅಪ್ಪನಿಗೆ, "ಮಾವ, ನೀರು ಕೆಂಪಗೆ ಬರ್ತಿದೆ, ಪೈಪಿನೊಳಗೆ ತುಕ್ಕು" ಎಂದರಂತೆ. ಇಂಥವರ ಜೊತೆ ಸಂಸಾರ ಮಾಡಿದ ನನಗೊಂದು ಬಹುಮಾನ ಬೇಡವೇ?

ಭದ್ರಾವತಿಯಲ್ಲಿ ಕಬ್ಬಿಣದ ಪೈಪಿಗೆ ಸತು ಲೇಪಿಸುವ ಸಣ್ಣ ಶೆಡ್ಡೊಂದರಲ್ಲಿ ಅವರಿಗೆ ಕೆಲಸ. ಶಿವಮೊಗ್ಗದ ಹೊಸಮನೆ ಬಡಾವಣೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ನಿವೃತ್ತರಾದರೂ ಚಟ ಬಿಡಲಿಲ್ಲ. ಸೋಗಾನೆಯ ವಿಮಾನ ನಿಲ್ದಾಣಕ್ಕೆ ನಾವೆಲ್ಲ ವಿಮಾನ ನೋಡಲು ಹೋದರೆ ಇವರು ಬೇಲಿಯ ಕಂಬವನ್ನು ಉಗುರಿನಿಂದ ಕೆರೆಯುತ್ತ ನಿಂತರು. ಕಾವಲಿನವನು ಓಡಿ ಬಂದ.

"ಏನ್ ಯಜಮಾನ್ರೇ, ಏನ್ ಮಾಡ್ತಿದೀರಾ?"

"ಸತುವಲ್ಲಿ ಚೆನ್ನಾಗ್ ಅದ್ದಿದಾರೆ ಮಾರಾಯ. ಧೈರ್ಯವಾಗಿ ಒರಗ್ಕೋ!"

ವಿಮಾನ ಹಾರಿದ್ದನ್ನು ಅವರು ನೋಡಲೇ ಇಲ್ಲ.

ಆಮೇಲೆ ನಾನು ಹಿತ್ತಲ ಮೆಟ್ಟಿಲಲ್ಲಿ ಜಾರಿ ಬಿದ್ದೆನಲ್ಲ? ಸೊಂಟದ ನೋವು ಹೋದರೂ ಹೆದರಿಕೆ ಹೋಗಲಿಲ್ಲ. ನಮ್ಮ ಬಚ್ಚಲು ಇರುವುದು ಹಿತ್ತಲಲ್ಲಿ. ಪ್ರತಿ ಸಲವೂ ಯಾರನ್ನಾದರೂ ಕೂಗಬೇಕು. ನನ್ನಂಥ ನಾಚಿಕೆಯವಳಿಗೆ ಅದಕ್ಕಿಂತ ಕಷ್ಟ ಇನ್ನೇನಿದೆ? ಅಡುಗೆಮನೆ ಬಾಗಿಲಿನಿಂದ ಬಚ್ಚಲಿನವರೆಗೆ ಹಿಡಿದು ನಡೆಯಲು ಒಂದು ಕಂಬಿ ಹಾಕಿಸಿಕೊಡಿ ಎಂದೆ. ಬೇರೆ ಗಂಡಸರಾಗಿದ್ದರೆ ಅಂಗಡಿಗೆ ಹೋಗುತ್ತಿದ್ದರು. ಇವರು ಪರೀಕ್ಷೆ ಶುರು ಮಾಡಿದರು!

ಮೂರು ಪೈಪಿನ ತುಂಡು ತಂದರು. ಒಂದು ಕಾದು ಕರಗಿದ ಸತುವಿನಲ್ಲಿ ಅದ್ದಿದ್ದು, ಇನ್ನೊಂದು ಕರೆಂಟ್ ಹಾಯಿಸಿ ತೆಳ್ಳಗೆ ಸತು ಹಿಡಿಸಿದ್ದು, ಮತ್ತೊಂದು ಸತುವಿನ ಬಣ್ಣ ಬಳಿದದ್ದು. ಎಲ್ಲವನ್ನೂ ನನ್ನ ಉಪ್ಪಿನಕಾಯಿ ಭರಣಿಗಳಲ್ಲಿ ಉಪ್ಪುನೀರು ತುಂಬಿ ಮುಳುಗಿಸಿಟ್ಟರು. ಊಟಕ್ಕೆ ಬಂದ ನನ್ನ ನಾದಿನಿ, "ಅತ್ತಿಗೆ, ಮಿಡಿ ಹಾಕಿದೀರಾ?" ಎನ್ನುತ್ತ ಆಸೆಯಿಂದ ಸೌಟು ಇಳಿಸಿದಳು. ಠಣ್! ಮೇಲೆ ಬಂದದ್ದು ತುಕ್ಕು ಹಿಡಿದ ಪೈಪು.

"ಅಯ್ಯೋ! ಇದೇನಣ್ಣಾ ಇದು?"

"ಅದು ಕರೆಂಟಿಂದು. ನೋಡೋಕೆ ಹೊಳಪು, ಮುಖಕ್ಕೆ ಪೌಡರ್ ಹಚ್ಚಿದಂಗೆ. ಬಣ್ಣದ್ದು ಗೀರಿದ ಕಡೆ ಏಳ್ತಿದೆ. ಅದ್ದಿದ್ದು ಮಾತ್ರ ಹಿಟ್ಟಲ್ಲಿ ಮುಳುಗಿಸಿದ ಬಜ್ಜಿ ಇದ್ದಂಗೆ, ಒಂದು ಮೂಲೆನೂ ಬಿಡಲ್ಲ. ಪೈಪಿನ ಒಳಗೂ ಹಿಡಿದಿರುತ್ತೆ!"

"ರೀ, ಅಷ್ಟರಲ್ಲಿ ನಾನೇ ತುಕ್ಕು ಹಿಡೀತೀನಿ" ಎಂದೆ.

"ಸ್ವಲ್ಪ ತಡ್ಕೋ ಮಾರಾಯ್ತಿ. ಆಮೇಲೆ ಹಾಳಾದ್ರೆ ನೋಡೋಕೆ ಯಾರಿರ್ತಾರೆ?"

ನಾದಿನಿಯೂ ನಾನೂ ನಕ್ಕೆವು.

ಕೊನೆಗೆ ನನ್ನನ್ನು ಮೆಟ್ಟಿಲ ಮೇಲೆ ನಿಲ್ಲಿಸಿ, ನನ್ನ ಅಂಗೈ ಎತ್ತರಕ್ಕೆ ಅಳತೆ ತೆಗೆದರು. ಅದ್ದಿದ ಮೇಲೆ ವೆಲ್ಡಿಂಗ್ ಮಾಡಿದರೆ ಆ ಜಾಗದ ಸತು ಸುಟ್ಟುಹೋಗುತ್ತದಂತೆ. ಅದಕ್ಕೆ ಮೊದಲೇ ವೆಲ್ಡಿಂಗ್ ಮಾಡಿಸಿ, ಇಡೀ ಕಂಬಿಯನ್ನು ಭದ್ರಾವತಿಗೆ ಸಾಗಿಸಿ, ಅದ್ದಿಸಿ, ಗೂಡ್ಸ್ ಆಟೋದಲ್ಲಿ ಅದನ್ನು ತಬ್ಬಿಕೊಂಡೇ ಕೂತು ತಂದರು. ನನ್ನನ್ನು ಹಾಗೆ ಯಾವತ್ತು ತಬ್ಬಿದ್ದರು, ಹೇಳಿ!

ಅವರು ಎತ್ತರದ ಆಳು. ಕಂಬಿ ಅವರ ತೊಡೆಯ ಮಟ್ಟಕ್ಕೆ ಬಂತು. ಆಗಲೇ ಅವರಿಗೆ ಎದೆಯ ಕಾಯಿಲೆ, ಹೆಜ್ಜೆ ತಡವರಿಸುತ್ತಿತ್ತು.

"ನಿಮಗೆ ಗಿಡ್ಡ ಆಯ್ತಲ್ರೀ?"

"ನಂಗ್ಯಾಕೆ ಕಂಬಿ? ನಂಗೆ ನೀನಿದೀಯಲ್ಲ."

ಕೊನೆಯವರೆಗೂ ಹಾಗೇ ನಡೆದರು. ನಾನು ಕಂಬಿ ಹಿಡಿದಿರುತ್ತಿದ್ದೆ, ಅವರು ನನ್ನ ಭುಜ.

ಈಗ ಕಂಬಿಯ ಹೊಳಪು ಮಾಸಿ ಬೂದಿ ಬಣ್ಣಕ್ಕೆ ತಿರುಗಿದೆ. ತುಕ್ಕು ಎಲ್ಲೂ ಇಲ್ಲ. ಯಾರನ್ನೂ ಕೂಗದೆ ಒಬ್ಬಳೇ ಹೋಗಿ ಬರುತ್ತೇನೆ. ಮೆಟ್ಟಿಲ ಹತ್ತಿರ ಮಾತ್ರ ಒಂದು ಕ್ಷಣ ನಿಲ್ಲುತ್ತೇನೆ, ಅವರು ಭುಜ ಹಿಡಿದುಕೊಳ್ಳಲಿ ಎಂದು.