ಗುಮಾಸ್ತರ ಬಂಗಾರದ ವಾಚು

ಅಂಚೆ ಕಚೇರಿಯ ಗುಮಾಸ್ತರಿಗಿದ್ದ ದುಃಖ ಒಂದೇ: ಅವರ ಬಂಗಾರದ ವಾಚನ್ನು ಲೋಕ ಕಣ್ಣೆತ್ತಿ ನೋಡುತ್ತಿರಲಿಲ್ಲ. ರಿಪೇರಿ ಅಂಗಡಿಯ ಗಾಜಿನ ಪೆಟ್ಟಿಗೆಯ ಮೂಲೆಯಲ್ಲಿ ಅದು ವರ್ಷಗಟ್ಟಲೆ ಬಿದ್ದಿತ್ತು. ಈಗಿನವರಿಗೆ ತಟ್ಟೆಯಷ್ಟಗಲ ಇರಬೇಕು ಸಾರ್, ಇಷ್ಟು ಚಿಕ್ಕದನ್ನು ಯಾರು ಕಟ್ಟುತ್ತಾರೆ ಎಂದಿದ್ದ ಅಂಗಡಿಯವನು. ಗುಮಾಸ್ತರು ಕೊಂಡು ಕಟ್ಟಿದರು. ಬಿಸ್ಕತ್ತಿಗಿಂತ ತೆಳು, ಕೆನೆಬಣ್ಣದ ಮುಖ, ಕೂದಲೆಳೆಯಂಥ ಮುಳ್ಳುಗಳು. ಬೆಳಿಗ್ಗೆ ಕೀ ಕೊಡುವಾಗ ಒಳಗೆ ಯಾರೋ ಮೆಲ್ಲಗೆ ಕಣ್ಣು ಬಿಟ್ಟ ಹಾಗಾಗುತ್ತಿತ್ತು.

ಆದರೆ ಒಬ್ಬರಾದರೂ ಮೆಚ್ಚಬೇಡವೇ? (ಅಂಚೆಚೀಟಿ ಕೇಳಿದವರ ಮೂಗಿನ ತನಕ ಕೈ ಚಾಚಿ ನೋಡಿದರು. ಜನ ಚೀಟಿ ಕಿತ್ತುಕೊಂಡು ಹೋದರು.) ಹೆಂಡತಿಯಂತೂ ಟೈಮ್ ಸರಿ ತೋರಿಸುತ್ತದಾ ಅಂತ ಒಂದು ಮಾತು ಕೇಳಿ ಹಿಟ್ಟು ಜರಡಿ ಹಿಡಿಯಲು ಹೋದಳು. ಮನೆಯಲ್ಲೇ ಕೇಕ್ ಮಾಡಿ ಮಾರುವ ಹೆಂಗಸು, ಕನಸಿಗೆಲ್ಲಿ ಪುರುಸೊತ್ತು!

ಆ ಭಾನುವಾರ ಆಕೆಗೆ ಮೊದಲ ದೊಡ್ಡ ಆರ್ಡರ್. ಶಾಲೆಯ ಹೆಡ್ ಮೇಡಂ ಐದಕ್ಕೆ ಬಂದು ಒಯ್ಯುವವರು. ಮೆಚ್ಚಿದರೆ ಶಾಲೆಯ ಕ್ಯಾಂಟೀನೇ ಆಕೆಯ ಕೈಗೆ. ಓವನ್ ಬಾಗಿಲು ಹಾಕಿ, ಸಕ್ಕರೆ ಹೂ ಮಾಡಲು ಕೋಣೆಗೆ ಹೋಗುತ್ತ ಗಂಡನಿಗೆ ಹೇಳಿದಳು: "ರೀ, ಸರಿಯಾಗಿ ನಲವತ್ತು ನಿಮಿಷಕ್ಕೆ ಕೂಗಿ. ವಾಚಿಂದ ಕಣ್ಣು ತೆಗೀಬೇಡಿ."

ತೆಗೆಯಲೇ ಇಲ್ಲ ಮಹಾನುಭಾವರು. ಕಿಟಕಿಯ ಬಿಸಿಲು ಬಂಗಾರದ ಅಂಚಿಗೆ ತಾಗಿ ಗೋಡೆಯ ಮೇಲೊಂದು ಹೊಳಪು ಆಡುತ್ತಿತ್ತು. ಮಣಿಕಟ್ಟು ಅಲುಗಿಸಿದರೆ ಅದು ಚಾವಣಿಗೆ ಹಾರಿತು. ಈ ವಾಚನ್ನು ಮೊದಲು ಕಟ್ಟಿದವನು ಯಾರಿರಬಹುದು? ಹಡಗಿನ ಕಪ್ತಾನನೋ, ಪಿಟೀಲು ವಿದ್ವಾಂಸನೋ? ಯಾರ ದಾರಿ ಕಾಯುತ್ತ ಇದನ್ನು ನೋಡಿಕೊಂಡಿದ್ದನೋ? ಕಡಲ ಗಾಳಿ ಬೀಸಿತು, ಪಿಟೀಲು ಕೇಳಿಸಿತು, ಹೊಗೆಯ ವಾಸನೆಯೂ ಬಂತು. (ಹಡಗಿನದಿರಬೇಕು ಅಂದುಕೊಂಡರು.)

ಹೆಂಡತಿ ಓಡಿಬಂದು ಓವನ್ ತೆರೆದಾಗ ಕೇಕು ಇದ್ದಿಲಾಗಿತ್ತು.

"ವಾಚು ನೋಡ್ತಿರಲಿಲ್ವಾ?"

"ನೋಡ್ತಾನೇ ಇದ್ದೆ ಕಣೇ."

"ಹಾಗಾದ್ರೆ ಈಗ ಎಷ್ಟು ಗಂಟೆ?"

"ತಡಿ, ನೋಡಿ ಹೇಳ್ತೀನಿ."

ಆಕೆ ಗಂಡನ ಕೈಯಿಂದ ವಾಚು ಬಿಚ್ಚಿ ತನ್ನ ಕೈಗೆ ಕಟ್ಟಿಕೊಂಡಳು. (ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು, ಹಾಳಾದ್ದು.) ಮತ್ತೆ ಹಿಟ್ಟು ಕಲೆಸಿದಳು, ನಲವತ್ತು ನಿಮಿಷಕ್ಕೆ ತಾನೇ ತೆಗೆದಳು. ಐದಕ್ಕೆ ಮೇಡಂ ಬಂದಾಗ ಕೇಕು ಡಬ್ಬದಲ್ಲಿತ್ತು, ಗುಮಾಸ್ತರು ಅಡುಗೆಮನೆಯಲ್ಲಿ ಸೀದ ಪಾತ್ರೆ ತಿಕ್ಕುತ್ತಿದ್ದರು.

ಹೊರಗೆ ಮೇಡಂ ಕೇಕು ರುಚಿ ನೋಡಿ, ಸೋಮವಾರದಿಂದ ಕ್ಯಾಂಟೀನಿಗೂ ಕಳಿಸಿ ಎಂದರು. ಆಮೇಲೆ ಅವರ ದನಿ ಬದಲಾಯಿತು. "ಎಂಥ ವಾಚು ರೀ ಇದು! ಇಂಥದ್ದನ್ನ ಹುಡುಕೋಕೆ ಕಣ್ಣಿರಬೇಕು."

ಗುಮಾಸ್ತರು ತಿಕ್ಕುವುದು ನಿಲ್ಲಿಸಿದರು. ಎದೆ ಉಬ್ಬಿಸಿ, ಸೋಪಿನ ಕೈ ಒರೆಸಿಕೊಂಡು, ಬಾಗಿಲಿಗೆ ಕಿವಿಗೊಟ್ಟು ನಿಂತರು.

"ನಮ್ಮನೆಯವರಿಗೆ ಇಂಥದ್ದರಲ್ಲೆಲ್ಲ ಆಸಕ್ತಿಯಿಲ್ಲ ಮೇಡಂ," ಎಂದಳು ಹೆಂಡತಿ. "ನಾನೇ ಹುಡುಕಿದ್ದು."