ಹೆಬ್ಬಾತಿಗೆ ಸಾಕ್ಷಿ ಬೇಕಾಗಿದೆ

ಪಕ್ಷಿವೀಕ್ಷಣೆ ದುರ್ಬೀನು ಇಲ್ಲದೆಯೂ ನಡೆದೀತು, ಬಾಯಿ ಮುಚ್ಚದೆ ನಡೆಯದು ಎಂಬುದು ನನ್ನ ಸಿದ್ಧಾಂತ. ಇಡೀ ಲಿಂಗಸುಗೂರಿನಲ್ಲಿ ಈ ಸಿದ್ಧಾಂತಕ್ಕೆ ಇರುವ ಅನುಯಾಯಿಯೂ ನಾನೊಬ್ಬನೇ. ಸಂತೆಯಲ್ಲಿ ಪಕ್ಕಕ್ಕೆ ನಿಂತವನನ್ನೂ ಹೊಳೆಯಾಚೆ ಇದ್ದವನಂತೆ ಕೂಗಿ ಮಾತಾಡಿಸುವ ಸೀಮೆ ನಮ್ಮದು. ಇಂಥಲ್ಲಿ ಹಕ್ಕಿ ನೋಡುವ ಹವ್ಯಾಸವೆಂದರೆ ಬ್ಯಾಂಡಿನವರ ಪಕ್ಕದ ಮನೆಯಲ್ಲಿ ಧ್ಯಾನಕ್ಕೆ ಕುಳಿತಂತೆ.

ಹೋದ ಚಳಿಗಾಲ ಕೃಷ್ಣಾ ನದಿಯ ನಡುಗಡ್ಡೆಯೊಂದರಲ್ಲಿ ಪಟ್ಟೆತಲೆಯ ಹೆಬ್ಬಾತುಗಳನ್ನು ಕಂಡಿದ್ದೆ. ಹಿಮಾಲಯ ದಾಟಿ ಬರುವ ಹಕ್ಕಿಗಳು. ಮನೆಯಲ್ಲಿ ಹೇಳಿದರೆ ಹೆಂಡತಿ, "ಹಿಮಾಲಯ ದಾಟಿ ನಮ್ಮ ಜ್ವಾಳದ ಹೊಲಕ್ಕ ಬರಾಕ ಅವಕ್ಕೇನು ಗ್ರಹಚಾರ? ಯಾರೋ ಸಾಕಿದ ಬಾತುಕೋಳಿ ನೋಡಿ ಬಂದೀರಿ" ಎಂದಳು. ಮಾತು ಹಟ್ಟಿ ಊರಿನ ಬೀಗರಿಗೆ, ಅಂದರೆ ಮಗಳ ಮಾವನವರಿಗೆ ತಲುಪಿತು. ಅಂದಿನಿಂದ ಅವರು ಫೋನಿನಲ್ಲಿ ನನಗಿಂತ ಮೊದಲು ಬಾತುಕೋಳಿಗಳ ಕ್ಷೇಮ ವಿಚಾರಿಸತೊಡಗಿದರು. ಹೆಣ್ಣು ಕೊಟ್ಟವನು ಸಹಿಸಬೇಕಾದಷ್ಟು ಸಹಿಸಿ, ಕಡೆಗೆ "ಬರ್ರಿ, ಕಣ್ಣಾರೆ ತೋರಸ್ತೀನಿ" ಎಂದು ಪಂಥ ಕಟ್ಟಿದೆ.

ಬೀಗರಿಗೆ ಬಿಡುವು ಸಿಕ್ಕ ದಿನ ಎಳ್ಳಮವಾಸ್ಯೆ. ಆ ನಡುಗಡ್ಡೆಯಲ್ಲೇ ಹೆಂಡತಿಯ ತವರಿನವರ ಹೊಲವಿದೆ. ಅವಳು ಅಂದು ಭೂಮಿತಾಯಿಗೆ ಚರಗದ ನೈವೇದ್ಯ ಚೆಲ್ಲದೆ ಬಿಡುವವಳಲ್ಲ. ಪೈರಿಗೆ ಕಡಬು, ರೊಟ್ಟಿ, ಪಲ್ಯ ಎರಚುತ್ತ ಒಬ್ಬರು 'ಹುಲ್ಲುಲ್ಲಿಗೋ' ಎನ್ನಬೇಕು, ಇನ್ನೊಬ್ಬರು 'ಸಲಾಂಬ್ರಿಗೋ' ಎಂದು ಹೊಲವೆಲ್ಲ ಮೊಳಗುವಂತೆ ಉತ್ತರಿಸಬೇಕು. ಹೀಗಾಗಿ ತೆಪ್ಪದಲ್ಲಿ ದಾಟುವಾಗಲೇ ಸುಗ್ರೀವಾಜ್ಞೆ ಹೊರಡಿಸಿದೆ: ದಂಡೆ ಮುಟ್ಟಿದ ಮೇಲೆ ಯಾರೂ ತುಟಿ ಬಿಚ್ಚಕೂಡದು.

"ಪಿಸುಗುಟ್ಟಿದ್ರ ಭೂಮಿತಾಯಿಗೆ ಕೇಳ್ತೈತೇನ್ರೀ?" ಎಂದಳು ಹೆಂಡತಿ.

"ಆಕಿ ಕಿವಿ ಭಾಳ ಸೂಕ್ಷ್ಮ ಐತಿ. ಪಿಸುಗುಟ್ಟು."

"ಹೌದ್ರೀ ಬೀಗತಿಯವರ," ಎಂದರು ಬೀಗರು, "ಬಾತುಕೋಳಿ ಸಿಟ್ಟಾಗಿ ಮೊಟ್ಟಿ ಇಡೂದು ಬಿಟ್ಟಾವು."

ನಡುಗಡ್ಡೆಯ ಮೇಲೆ ಗಾಳಿಯೆಂದರೆ ಗಾಳಿ. ನನ್ನ ಉಣ್ಣೆಯ ಟೊಪ್ಪಿಗೆ ಹೊಳೆಯ ಪಾಲಾಯಿತು. ವ್ರತಭಂಗವಾದೀತೆಂದು ನಾನು 'ಅಯ್ಯೋ' ಕೂಡ ಎನ್ನಲಿಲ್ಲ. ಜೋಳದ ಸಾಲಿನ ಅಂಚಿಗೆ ಬೀಗರನ್ನು ಅಂಬೆಗಾಲಿನಲ್ಲಿ ಕರೆದೊಯ್ದೆ. ಇದ್ದವು! ನೀರಿನಂಚಿಗೆ, ಗಾಳಿಗೆ ಎದೆಕೊಟ್ಟು, ಬಿಳಿ ತಲೆಯ ಹಿಂದೆ ಕಪ್ಪು ಪಟ್ಟೆ ಧರಿಸಿ, ಸಭೆ ಸೇರಿದ ಮಠಾಧೀಶರಂತೆ ನಿಂತಿದ್ದವು. ಜಯಭೇರಿ ಬಾರಿಸುವ ಆಸೆಯನ್ನು ನುಂಗಿ, ದುರ್ಬೀನನ್ನು ಬೀಗರ ಕೈಗಿತ್ತೆ.

"ಎಲ್ಲಾ ಮಸುಕ ಮಸುಕ ಕಾಣಾಕತ್ತೈತ್ರಿ," ಎಂದು ಅವರು ಪಿಸುಗುಟ್ಟಿ ತಿರುಪು ತಿರುವತೊಡಗಿದರು.

ಆಗ ಹಿಂದಿನಿಂದ ಹೆಂಡತಿ, ಆಜ್ಞೆಗೆ ತಲೆಬಾಗಿ, ಹೂವು ಉದುರಿದಷ್ಟು ಮೆಲ್ಲಗೆ "ಹುಲ್ಲುಲ್ಲಿಗೋ" ಎಂದಳು.

ಚಡ್ಡಿ ಹಾಕುತ್ತಿದ್ದ ದಿನದಿಂದ ಆ ಕೂಗಿಗೆ ಉತ್ತರ ಕೊಟ್ಟು ಪಳಗಿದ ಗಂಟಲು ನನ್ನದು. ಅದು ನನ್ನನ್ನು ಕೇಳಲಿಲ್ಲ.

"ಸಲಾಂಬ್ರಿಗೋ!"

ಇಡೀ ಸಭೆ ಎದ್ದಿತು. ನಮ್ಮ ಬೆನ್ನ ಹಿಂದಿನ ಆಕಾಶಕ್ಕೆ ಹಾರಿ ಹೋಯಿತು. ಬೀಗರ ದುರ್ಬೀನು ಹದಕ್ಕೆ ಬಂದಾಗ ಅದರಲ್ಲಿ ಉಳಿದಿದ್ದದ್ದು ಬರೀ ಮರಳು.

"ಹಕ್ಕಿ ಕಾಣಲಿಲ್ಲ ಬಿಡ್ರಿ," ಎಂದರು ಅವರು ಗಂಭೀರವಾಗಿ, "ಆದ್ರ ಕೂಗು ಮಾತ್ರ ಸ್ಪಷ್ಟ ಕೇಳಸ್ತು."

ಊಟಕ್ಕೆ ಬುತ್ತಿ ಬಿಚ್ಚುವಾಗ ಹೆಂಡತಿ ನನ್ನ ಕಿವಿಯಲ್ಲಿ, "ಅಯ್ಯ, ನನ್ನ ತಲಿ ಮ್ಯಾಲೇ ಹಾದು ಹೋದುವ್ರೀ. ಎರಡು ಪಟ್ಟಿ, ನೀವು ಹೇಳಿದಂಗ ಇದ್ದವು" ಎಂದಳು. ನನಗೆ ಹೋದ ಜೀವ ಬಂದಂತಾಯಿತು. "ಅದನ್ನ ಬೀಗರ ಮುಂದ ಹೇಳು ಮಾರಾಯ್ತಿ!"

ಅವಳು ಬೀಗರ ತಟ್ಟೆಗೆ ಇನ್ನೊಂದು ಕಡಬು ಹಾಕಿ, ನನ್ನ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟಳು.

ಪತಿಯ ಆಜ್ಞೆಯನ್ನು ಅವಳು ಇಂದಿಗೂ ಮೀರಿಲ್ಲ. ಬೀಗರು ಈಗ ಫೋನಿನಲ್ಲಿ ಬಾತುಕೋಳಿಗಳನ್ನು ವಿಚಾರಿಸುವುದಿಲ್ಲ. ನನ್ನ ಗಂಟಲು ಹೇಗಿದೆಯೆಂದು ಕೇಳುತ್ತಾರೆ.