ಕಾರ್ ಶೆಡ್ಡಿನಲ್ಲಿ ಕಲಿತ ತುರ್ತು ಚಿಕಿತ್ಸೆ

ತುರ್ತು ಚಿಕಿತ್ಸೆ ಕಲಿಯಲು ಹೋದವರ ಹತ್ತಿರ ತಮಾಷೆಗಳು ರೋಗಿಗಳಿಗಿಂತ ಬೇಗ ಬಂದು ಸೇರುತ್ತವೆ. ಅವಕ್ಕೆ ಚೀಟಿಯೂ ಬೇಡ, ಸರತಿಯೂ ಬೇಡ. ಎಪ್ಪತ್ತರ ದಶಕದ ಕೊನೆಯಲ್ಲಿ, ಎಂ.ಬಿ.ಬಿ.ಎಸ್. ಮುಗಿಸಿದ ಹೊಸತರಲ್ಲಿ, ಮೂಡುಬಿದಿರೆಯ ಮನೆಯಿಂದ ಟ್ರಂಕು ಹಿಡಿದುಕೊಂಡು ನಾನು ಬೆಳ್ತಂಗಡಿ ಬದಿಯ ಒಂದು ಸಣ್ಣ ಆಸ್ಪತ್ರೆಗೆ ತರಬೇತಿಗೆ ಹೋದೆ. ಅಪಘಾತ, ಹಾವು ಕಡಿತ, ಮರದಿಂದ ಬಿದ್ದದ್ದು, ಇಂಥವನ್ನೆಲ್ಲ ಬಾಗಿಲಿಗೆ ಬಂದ ಗಳಿಗೆಯಲ್ಲೇ ಹೇಗೆ ನೋಡುವುದೆಂದು ಅಲ್ಲಿ ಕಲಿಸುತ್ತಿದ್ದರು. ಕಲಿಯುವವರು ನಾವು ಮೂವರು. ಕಲಿಸುವವರು ಇಬ್ಬರು: ಆಸ್ಪತ್ರೆ ಕಟ್ಟಿದ ದೊಡ್ಡ ಡಾಕ್ಟರು, ಮತ್ತೆ ವಾರಕ್ಕೊಮ್ಮೆ ಮಂಗಳೂರಿನಿಂದ ಬಸ್ಸಿನಲ್ಲಿ ಬರುವ ಪ್ರೊಫೆಸರರು. ಪಾಠದ ಕೋಣೆ ಎಂದರೆ ಹಳೆಯ ಕಾರ್ ಶೆಡ್ಡು. ಮಧ್ಯಾಹ್ನ ಹೆಂಚಿನ ಸಂದಿನಿಂದ ಬಿಸಿಲು ಕೋಲು ಕೋಲಾಗಿ ಇಳಿಯುತ್ತಿತ್ತು. ದೂರದಲ್ಲಿ ಚಾರ್ಮಾಡಿಯ ಗುಡ್ಡಗಳು ನೀಲಿಯಾಗಿ ತೂಕಡಿಸುತ್ತಿದ್ದವು. ಈಗಲೂ ಕಣ್ಣು ಮುಚ್ಚಿದರೆ ನಾನು ಅಲ್ಲೇ, ಆ ಬೆಂಚಿನ ಮೇಲೆ.

ಬೂರುಗದ ರೋಗಿ

ನಿಂತುಹೋದ ಹೃದಯವನ್ನು ಎದೆ ಒತ್ತಿ ನಡೆಸುವ ಪಾಠಕ್ಕೆ ಬೊಂಬೆ ಬೇಕು. ದೊಡ್ಡ ಊರಿನ ಕಾಲೇಜುಗಳಲ್ಲಿ ರಬ್ಬರಿನದು ಇರುತ್ತದಂತೆ. ನಮ್ಮ ದೊಡ್ಡ ಡಾಕ್ಟರು ಒಂದು ಗೋಣಿಗೆ ಬೂರುಗದ ಹತ್ತಿ ತುಂಬಿಸಿ, ತಮ್ಮ ಹಳೆಯ ಅಂಗಿ ತೊಡಿಸಿ, ಮೇಜಿನ ಮೇಲೆ ಮಲಗಿಸಿದರು.

"ಹೂಂ, ಜೋರಾಗಿ ಒತ್ತಿ. ಬದುಕಬೇಕು ಅದು."

ನನ್ನ ಸಹಪಾಠಿ ಒಳ್ಳೆಯ ಕಟ್ಟುಮಸ್ತಾದ ಆಸಾಮಿ. ಅವನು ಒತ್ತಿದ ರಭಸಕ್ಕೆ ಗೋಣಿಯ ಹೊಲಿಗೆ ಬಿಟ್ಟಿತು. ಹತ್ತಿ ಮೆಲ್ಲ ಎದ್ದಿತು. ಬಿಸಿಲಿನ ಕೋಲುಗಳ ನಡುವೆ ತೇಲಿತು, ಸುತ್ತಿತು, ಒಂದೊಂದೇ ಎಳೆಯಾಗಿ ಕಿಟಕಿ ದಾಟಿ ಆಕಾಶಕ್ಕೆ ಹೊರಟಿತು. ನಾವು ಪಾಠ ಮರೆತು ಬಾಯಿ ತೆರೆದು ನೋಡಿದೆವು. ಅಷ್ಟು ಚಂದದ ದೃಶ್ಯವನ್ನು ಮತ್ತೆ ಯಾವ ಆಸ್ಪತ್ರೆಯಲ್ಲೂ ನಾನು ಕಂಡಿಲ್ಲ.

ದೊಡ್ಡ ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

"ಇಷ್ಟು ವರ್ಷ ಡಾಕ್ಟರಾಗಿದ್ದೇನೆ ಮಾರಾಯ್ರೆ. ಪ್ರಾಣ ಹೋಗುವುದು ಕಣ್ಣಿಗೆ ಕಂಡದ್ದು ಇವತ್ತೇ."

ಮಲ್ಲಿಗೆಯ ಜೀಪು

ರೋಗಿಯನ್ನು ಅಲುಗಾಡಿಸದೆ ಸಾಗಿಸುವುದೂ ಒಂದು ಪಾಠ. ಆಸ್ಪತ್ರೆಯ ಜೀಪಿನಲ್ಲಿ ನಮ್ಮಲ್ಲೊಬ್ಬರು ರೋಗಿಯಾಗಿ ಮಲಗಬೇಕು, ಉಳಿದವರು ಬಂಟ್ವಾಳದವರೆಗೆ ಕರೆದುಕೊಂಡು ಹೋಗಿ ಬರಬೇಕು. ಆ ದಿನ ಮಲಗುವ ಸರದಿ ನನ್ನದು. ಗಲ್ಲದವರೆಗೆ ಬಿಳಿ ಬಟ್ಟೆ ಹೊದೆಸಿದರು. ಡ್ರೈವರು ತೊಟ್ಟಿಲು ತೂಗಿದ ಹಾಗೆ ಜೀಪು ಬಿಟ್ಟ. ನನಗೆ ನಿದ್ದೆ ಬಂದೇ ಬಿಟ್ಟಿತು.

ಕನಸಿನಲ್ಲಿ ನಾನು ನೇತ್ರಾವತಿಯಲ್ಲಿ ದೋಣಿಯೊಳಗೆ ಮಲಗಿದ್ದೆ. ನೀರೆಲ್ಲ ಮಲ್ಲಿಗೆಯ ಪರಿಮಳ. ಯಾರೋ ಸಣ್ಣಗೆ ಅಳುತ್ತಿದ್ದರು.

ಕಣ್ಣು ಬಿಟ್ಟರೆ ಎದೆಯ ಮೇಲೆ ನಿಜವಾದ ಮಲ್ಲಿಗೆ ಮಾಲೆ! ಮಡಂತ್ಯಾರಿನಲ್ಲಿ ಬಸ್ಸು ತಪ್ಪಿದ ಹೂವಿನ ಹೆಂಗಸೊಬ್ಬಳು ಕೈ ತೋರಿಸಿದಳಂತೆ, ಡ್ರೈವರು ಹತ್ತಿಸಿಕೊಂಡನಂತೆ. ಅವಳು ಬುಟ್ಟಿ ಮಡಿಲಲ್ಲಿಟ್ಟುಕೊಂಡು, ಸೆರಗಿನಿಂದ ಕಣ್ಣೊರೆಸುತ್ತಾ ನನ್ನ ಸಹಪಾಠಿಯನ್ನು ಕೇಳುತ್ತಿದ್ದಳು.

"ಎಂಥ ಪ್ರಾಯ ಪಾಪ! ಮದುವೆ ಆಗಿತ್ತಾ?"

"ಇಲ್ಲ," ಎಂದ ಅವನು, ಗಂಭೀರವಾಗಿ.

ನಾನು ಎದ್ದು ಕುಳಿತೆ. "ಅಕ್ಕ, ನಾನು ಸತ್ತಿಲ್ಲ!"

ಅವಳ ಕೂಗಿಗೆ ಡ್ರೈವರು ಬ್ರೇಕು ಒತ್ತಿದ. ಅವಳು ನನ್ನನ್ನೇ ದಿಟ್ಟಿಸಿ ನೋಡಿ, ಎದೆಯ ಮೇಲೆ ಕೈಯಿಟ್ಟು ಸುಧಾರಿಸಿಕೊಂಡಳು.

"ಬದುಕಿದ್ದೀಯಾ? ದೇವರು ದೊಡ್ಡವ. ಹಾಗಾದರೆ ಆ ಹೂ ಈಚೆ ಕೊಡು ಮಗಾ, ಬಂಟ್ವಾಳದ ಮದುವೆ ಮನೆಗೆ ಕೊಡಲಿಕ್ಕೆ ಉಂಟು."

ಶಾಂತಿಯ ಪಾಠ

ಪ್ರೊಫೆಸರರು ಕಣ್ಣು ಮುಚ್ಚಿಕೊಂಡೇ ಪಾಠ ಮಾಡುವವರು. ದನಿ ಜೋಗುಳದ ಹಾಗೆ. "ಆಕಾಶವೇ ಬೀಳಲಿ, ವೈದ್ಯ ಅಲುಗಬಾರದು. ಶಾಂತಿಯೇ ಮೊದಲ ಮದ್ದು..."

ಅಷ್ಟರಲ್ಲಿ ಇಬ್ಬರು ಓಡಿ ಬಂದರು. ಒಬ್ಬನ ಕಾಲಿಗೆ ಹಾವು ಕಚ್ಚಿತ್ತು; ಹೆದರಿಕೆಗೆ ತುಟಿ ಒಣಗಿ ಬಿಳಿಚಿಕೊಂಡಿದ್ದ. ಇನ್ನೊಬ್ಬ ಅವನ ಭಾವ; ಕೈಯಲ್ಲಿ ಬಾಯಿಗೆ ಬಟ್ಟೆ ಕಟ್ಟಿದ ಹಾಲಿನ ಕ್ಯಾನು.

"ಯಾವ ಹಾವು?" ಪ್ರೊಫೆಸರರು ಕೇಳಿದರು, ಕಣ್ಣು ಬಿಡದೆ.

"ಗೊತ್ತಿಲ್ಲ. ತಂದಿದ್ದೇವೆ."

"ಕೊಂದು ತಂದಿರಾ?"

"ಛೆ ಛೆ! ಕೊಂದರೆ ದೋಷ ಅಲ್ವಾ?" ಎಂದು ಭಾವ ಬಟ್ಟೆ ಬಿಚ್ಚಿಯೇ ಬಿಟ್ಟ.

ಮರುಗಳಿಗೆಯಲ್ಲಿ ಪ್ರೊಫೆಸರರು ಮೇಜು ಹತ್ತಿದ್ದರು, ನಾವು ಬೆಂಚು ಹತ್ತಿದ್ದೆವು. ದೊಡ್ಡ ಡಾಕ್ಟರು ಬಂದು ಕ್ಯಾನಿನೊಳಗೆ ಇಣುಕಿದರು. "ಕೇರೆ ಹಾವು ಮಾರಾಯ್ರೆ. ವಿಷ ಇಲ್ಲ."

ಕಚ್ಚಿಸಿಕೊಂಡವನು ಅತ್ತ, ನಕ್ಕ, ದೇವರಿಗೆ ಕೈಮುಗಿದ. ಆಮೇಲೆ ಸಂಕೋಚದಿಂದ ಹೇಳಿದ: "ನನಗೆ ಏನೂ ಆಗಿಲ್ಲ ಅಂತಾದರೆ ಅದನ್ನೊಮ್ಮೆ ನೋಡಿ ಡಾಕ್ಟ್ರೆ. ಹಿಡಿಯುವಾಗ ಭಾವ ಬಾಲಕ್ಕೆ ಮೆಟ್ಟಿದ್ದಾನೆ."

ಬಸ್ಸು ಮಗುಚಿದ ದಿನ

ಕೊನೆಗೆ ಪರೀಕ್ಷೆ. ಚಾರ್ಮಾಡಿ ಘಾಟಿಯಲ್ಲಿ ಬಸ್ಸು ಮಗುಚಿದೆ ಎಂದು ಲೆಕ್ಕ. ಉಜಿರೆಯ ಕಾಲೇಜು ಹುಡುಗರು ಮೈಗೆ ಕೆಂಪು ಶಾಯಿ ಬಳಿದುಕೊಂಡು ಗಾಯಾಳುಗಳಾಗಿ ಶೆಡ್ಡಿಗೆ ಬಂದರು. ಯಾರಿಗೆ ಏನಾಗಿದೆಯೆಂದು ಕುತ್ತಿಗೆಗೊಂದು ರಟ್ಟು. ಅಂಕ ಕೊಡಲು ಪ್ರೊಫೆಸರರು.

ಅವರಲ್ಲೊಬ್ಬ ಯಕ್ಷಗಾನದ ಹವ್ಯಾಸಿ ವೇಷಧಾರಿ. ಅವನ ರಟ್ಟಿನಲ್ಲಿ "ತಲೆಗೆ ಪೆಟ್ಟು, ಪ್ರಜ್ಞೆ ಇಲ್ಲ" ಎಂದಿತ್ತು. ಅವನೋ ಮಲಗಿದವನೇ ಶುರು ಮಾಡಿದ: "ಎಲೈ ವಿಧಿಯೇ! ನನ್ನ ಆಯುಷ್ಯದ ಹಣತೆಗೆ ನೀನು ಊದಿದೆಯಾ?"

"ನಿಮಗೆ ಪ್ರಜ್ಞೆ ಇಲ್ಲ," ಎಂದೆ.

"ಗೊತ್ತುಂಟು ಡಾಕ್ಟ್ರೆ. ಇದು ಪ್ರಜ್ಞೆ ತಪ್ಪುವ ಮೊದಲಿನ ಮಾತು."

ಮದ್ದಿಗೆ ಬಂದವರೆಲ್ಲ ಸುತ್ತ ನಿಂತು ಚಪ್ಪಾಳೆ ತಟ್ಟಿದರು. ಆಗ ತುಂಬು ಗರ್ಭಿಣಿಯೊಬ್ಬಳು ಅತ್ತೆಯ ಹೆಗಲು ಹಿಡಿದು ಚೀರುತ್ತಾ ಒಳಗೆ ಬಂದಳು.

"ಇವಳ ವೇಷ ಇನ್ನೂ ಚಂದ ಉಂಟು," ಎಂದಿತು ಗುಂಪು.

ನನ್ನ ಸಹಪಾಠಿ ಅವಳ ಕುತ್ತಿಗೆ ನೋಡಿದ. "ಇವರ ರಟ್ಟು ಎಲ್ಲಿ?"

"ರಟ್ಟಲ್ಲ ಸ್ವಾಮಿ, ಮಗು! ಮಗು ಬರ್ತಾ ಉಂಟು!" ಎಂದು ಅತ್ತೆ ಕಿರುಚಿದಳು.

ಪರೀಕ್ಷೆ ಅಲ್ಲಿಗೇ ಬಿಟ್ಟು ನಾವು ಪರದೆ ಎಳೆದೆವು. ಹೊಕ್ಕುಳಬಳ್ಳಿ ಮಗುವಿನ ಕುತ್ತಿಗೆಗೆ ಸುತ್ತಿಕೊಂಡಿತ್ತು. ಮಗು ಹೊರಗೆ ಬಂದಾಗ ನೀಲಿ, ಸದ್ದೇ ಇಲ್ಲ. ನಾನು ಬಳ್ಳಿ ಬಿಡಿಸಿದೆ. ಓಡಿ ಬಂದ ಆಸ್ಪತ್ರೆಯ ನರ್ಸು ಮಗುವಿನ ಬಾಯಿ ಒರೆಸಿ ಬೆನ್ನು ತಿಕ್ಕಿದರು. ಪರದೆಯಾಚೆ ವಿಧಿಯನ್ನು ಬೈಯುತ್ತಿದ್ದವನೂ ಮಾತು ನಿಲ್ಲಿಸಿದ್ದ. ಬಿಸಿಲಿನ ಕೋಲುಗಳಲ್ಲಿ ಧೂಳು ಕೂಡ ನಿಂತ ಹಾಗೆ ಅನಿಸಿತು. ಆಮೇಲೆ ಒಂದು ಸಣ್ಣ ಬಿಕ್ಕು. ಮತ್ತೆ ಶೆಡ್ಡಿನ ಹೆಂಚು ಹಾರುವಂಥ ಅಳು!

ಪರದೆಯಿಂದ ಹೊರಗೆ ಬಂದರೆ ಕೈಕಾಲು ಮುರಿದವರು, ಹೊಟ್ಟೆ ಸೀಳಿದವರು, ಪ್ರಜ್ಞೆ ಇಲ್ಲದವರು ಎಲ್ಲರೂ ಎದ್ದು ಕುಣಿಯುತ್ತಿದ್ದರು. ನಾವು ಮಾತ್ರ ತಲೆ ತಗ್ಗಿಸಿ ಪ್ರೊಫೆಸರರ ಮುಂದೆ ನಿಂತೆವು. ಒಬ್ಬ ಗಾಯಾಳುವನ್ನೂ ಮುಟ್ಟಿರಲಿಲ್ಲ.

ಅವರು ಮೊದಲ ಸಲ ಕಣ್ಣನ್ನು ಪೂರ್ತಿ ತೆರೆದು ನಮ್ಮನ್ನು ನೋಡಿದರು.

"ಮೂವರೂ ಪಾಸು. ಘಾಟಿಯಲ್ಲಿ ಬಸ್ಸು ಮಗುಚಿ ಜನಸಂಖ್ಯೆ ಹೆಚ್ಚಾದದ್ದನ್ನು ನಾನು ಇಲ್ಲಿಯೇ ಕಂಡದ್ದು."